ಇದ್ದಿದ್ದರೆ ರಾಯರು

ಡೊಂಬಿವಲಿಯಿಂದ ಠಾಣೆಗೆ ಹೋಗುವ ಸ್ಲೋ ಲೋಕಲ್ಲಿನಲ್ಲಿ, ಮೂವರ ಸೀಟಿನ ತುದಿಗೆ ನಾಲ್ಕನೆಯವರಾಗಿ ಅರ್ಧ ಮೈ ಊರಿ ಕೂತು, ಉಳಿದ ಮೂವರ ಬದುಕನ್ನು ತಿದ್ದುವ ಹಿರಿಯರೊಬ್ಬರು ಪ್ರತಿ ಡಬ್ಬಿಯಲ್ಲೂ ಇರುತ್ತಾರೆ. ಶೇರು ಬಿದ್ದರೆ 'ಮೊದಲೇ ಮಾರಿದ್ದಿದ್ದರೆ' ಎನ್ನುತ್ತಾರೆ. ಮಗನಿಗೆ ಹೆಣ್ಣು ಸಿಗದಿದ್ದರೆ 'ಉಡುಪಿ ಕಡೆ ನೋಡಿದ್ದಿದ್ದರೆ' ಎನ್ನುತ್ತಾರೆ. ಕೊಡೆ ಮರೆತು ನೆನೆದವನಿಗೂ ಒಂದು ಇದ್ದಿದ್ದರೆ ಕಾದಿರುತ್ತದೆ. ಈ ಲೇಖಕನ ಪಾಲಿಗೆ ಬಂದವರಿಗೆ ಡಬ್ಬಿಯ ಕನ್ನಡಿಗರು ಇಟ್ಟ ಹೆಸರೇ ಇದ್ದಿದ್ದರೆ ರಾಯರು.

ಅವರ ಮೂಲ ಇದ್ದಿದ್ದರೆ, ವಾಶಿ. 1970ರಲ್ಲಿ ಹುಟ್ಟಿದ ಸಿಡ್ಕೊ ಖಾಡಿಯಾಚೆ ನವಿಮುಂಬಯಿ ಕಟ್ಟುತ್ತಿದ್ದ ಕಾಲಕ್ಕೆ, 'ಆ ಕೆಸರಿಗೆ ಯಾರು ಹೋಗ್ತಾರೆ ಮಾರಾಯ್ರೆ' ಎಂದು ರಾಯರು ಡೊಂಬಿವಲಿ ಪೂರ್ವದಲ್ಲೇ ಒಂದು ರೂಮ್-ಕಿಚನ್ ಹಿಡಿದರು. ಅಂದಿನಿಂದ ಅವರು ವಾಶಿಯಲ್ಲಿ ಮನೆ ಕೊಳ್ಳುತ್ತಲೇ ಇದ್ದಾರೆ.

ಇಷ್ಟಾಗಿದ್ದರೆ ಸಹಿಸಬಹುದಿತ್ತು. ಆದರೆ ಮಗಳು ಐರೋಲಿಯ ಆಫೀಸೊಂದರಲ್ಲಿ ಮೆಕ್ಸಿಕೊದ ಫೋನು ಎತ್ತುವ ಕೆಲಸಕ್ಕೆ ಸೇರಿ ಸ್ಪ್ಯಾನಿಷ್ ಕಲಿತಳು. ಅವಳ ನೋಟುಬುಕ್ಕು ರಾಯರ ಕೈಗೆ ಸಿಕ್ಕಿತು. ತೆರೆದ ಪುಟದಲ್ಲಿ ಕಂಡೀಷನಲ್! ತಮ್ಮ ಸ್ವಭಾವಕ್ಕೇ ಒಂದು ವ್ಯಾಕರಣವಿದೆ ಎಂದು ಅರವತ್ತೆರಡನೇ ವಯಸ್ಸಿನಲ್ಲಿ ತಿಳಿದವರ ಸಂಭ್ರಮ ಕೇಳಬೇಕೆ?

ಮರುದಿನವೇ ಪಾಠ ಶುರು. "ಕೊಂಪ್ರಾರ್ ಅಂದ್ರೆ ಕೊಳ್ಳುವುದು. ಬಾಲ ಕತ್ತರಿಸ್ಬೇಡಿ, ಇಡೀ ಶಬ್ದಕ್ಕೇ ಅಂಟಿಸಿ. ಅರ್, ಎರ್, ಇರ್ ಯಾವುದರಲ್ಲಿ ಮುಗಿದ್ರೂ ಪ್ರತ್ಯಯ ಒಂದೇ." ಪ್ರತ್ಯಯಗಳು ಆರು, ಡೊಂಬಿವಲಿಯಿಂದ ಠಾಣೆವರೆಗೆ ಸ್ಟೇಷನ್ನುಗಳೂ ಆರು. ಡೊಂಬಿವಲಿಯಲ್ಲಿ ಕೊಂಪ್ರರೀಯ, ಅಂದರೆ ನಾನು ಕೊಂಡೇನು. ಕೋಪರ್‌ನಲ್ಲಿ ಕೊಂಪ್ರರೀಯಾಸ್, ನೀನು. ದಿವಾದಲ್ಲಿ ಮತ್ತೆ ಕೊಂಪ್ರರೀಯ, ಅವನು. ಮುಂಬ್ರಾದಲ್ಲಿ ಕೊಂಪ್ರರೀಯಾಮೊಸ್, ನಾವು. ಕಳವಾದಲ್ಲಿ ಕೊಂಪ್ರರೀಯಾಯ್ಸ್, ನೀವುಗಳು. ಠಾಣೆಯಲ್ಲಿ ಕೊಂಪ್ರರೀಯಾನ್, ಅವರು. ಎಲ್ಲದರಲ್ಲೂ ಒತ್ತು 'ರೀ' ಮೇಲೆ. ರಾಯರು ಒತ್ತುವಾಗ ಪಕ್ಕದವನ ತೊಡೆಗೂ ಒಂದು ಬೀಳುತ್ತಿತ್ತು.

"ನಮ್ಮಲ್ಲಿ ಕೊಂಡಾನು, ಕೊಂಡಾಳು ಬೇರೆ ಬೇರೆ. ಅಲ್ಲಿ ನಾನು, ಅವನು, ಅವಳು ಮೂವರಿಗೂ ಒಂದೇ. ಯಾರು ಕೊಳ್ಳುವವರು ಅಂತ ಸಂದರ್ಭದಿಂದ ತಿಳೀಬೇಕು." ಯಾರೂ ಕೊಳ್ಳಲಿಲ್ಲ ಎಂಬುದು ಡಬ್ಬಿಗೆಲ್ಲ ಗೊತ್ತಿತ್ತು. ಕಳವಾದ ರೂಪ ಸ್ಪೇನಿನವರದು, ಮೆಕ್ಸಿಕೊದಲ್ಲಿ ಅದರ ಕೆಲಸವನ್ನೂ ಠಾಣೆಯೇ ಮಾಡುತ್ತದೆ ಎಂದು ತಿಳಿದ ದಿನ ಮಾತ್ರ ರಾಯರು, "ಹಾಗಾದ್ರೆ ಮೆಕ್ಸಿಕೊಗೆ ಇದು ಫಾಸ್ಟ್ ಲೋಕಲ್" ಎಂದರು. ಡಬ್ಬಿ ನಕ್ಕಿತು. ಲೇಖಕನೂ ನಕ್ಕ, ಮನಸ್ಸಿಲ್ಲದೆ.

ನಗು ತಿರುಗಿಬಿದ್ದದ್ದು ಮನೆಯಲ್ಲಿ. "ಕೊತ್ತಂಬರಿ ತಂದ್ರಾ?" ಎಂದು ಹೆಂಡತಿ ಕೇಳಿದಾಗ ಅವನ ಬಾಯಿಂದ ಬಂದದ್ದು "ಕೊಂಪ್ರರೀಯ".

ಮೆಕ್ಸಿಕೊಗೆ ಬೆಳಗಾಗುವಾಗ ಇಲ್ಲಿ ಸಂಜೆ. ಅಂಥದೊಂದು ಸಂಜೆ, ಗೋದಾಮಿನ ಲೆಕ್ಕ ಮುಗಿಸಿ ಬಂದ ರಾಯರಿಗೆ ಠಾಣೆಯ ಸೇತುವೆ ಮೇಲೆ ಡ್ಯೂಟಿಗೆ ಹೊರಟ ಮಗಳು ಎದುರಾದಳು. ರಾಯರು ಆಗ ಲೇಖಕನಿಗೆ ವಾಶಿ ಕೊಳ್ಳಿಸುತ್ತಿದ್ದರು, ಸ್ಪ್ಯಾನಿಷಿನಲ್ಲಿ.

"ಅಪ್ಪ, ಅದು ತಪ್ಪು" ಎಂದಳು. "ಕೊಂಪ್ರರೀಯ ಅಂದ್ರೆ ಈಗ ದುಡ್ಡಿದ್ರೆ ಕೊಂಡೇನು ಅಂತ. ಆಗ ಕೊಳ್ತಿದ್ದೆ ಅನ್ನೋದಕ್ಕೆ ಅಬ್ರೀಯ ಕೊಂಪ್ರಾದೊ."

"ಅಬ್ರೀಯ ಎಲ್ಲಿಂದ ಬಂತು?"

"ಅಬೇರ್‌ನಿಂದ. ಮಧ್ಯದ ಎ ಬಿದ್ದುಹೋಗ್ತದೆ. ಅದು ನಿಯಮ ಮೀರಿದ್ದು, ಹಾಗೇ ಬಾಯಿಪಾಠ ಮಾಡ್ಬೇಕು." ಗಡಿಯಾರ ನೋಡಿಕೊಂಡು ಅವಳು ಇಳಿದೇಬಿಟ್ಟಳು.

ರಾಯರು ಸೇತುವೆಯ ಕಂಬಿ ಹಿಡಿದು ನಿಂತರು. ಟಿಫಿನ್ ಚೀಲ ಭುಜದಿಂದ ಜಾರಿ ಮೊಣಕೈಗೆ ಬಂದಿತ್ತು. ಲೇಖಕನಿಗೆ ಮೊದಲ ಸಲ, ಈ ಮನುಷ್ಯ ಏನಾದರೂ ಮಾತಾಡಲಿ ಅನ್ನಿಸಿತು. ಕೆಳಗೆ ಟ್ರಾನ್ಸ್‌ಹಾರ್ಬರ್ ಗಾಡಿ ಬಂದು ನಿಂತಿತ್ತು. ಮಗಳು ಲೇಡೀಸ್ ಡಬ್ಬಿ ಹತ್ತಿದಳು. ಇಂಡಿಕೇಟರಿನ ಮೇಲೆ ಕೆಂಪಕ್ಷರದಲ್ಲಿ ವಾಶಿ.

ಗಾಡಿ ಹೋದ ಮೇಲೆ ರಾಯರು ಚೀಲ ಭುಜಕ್ಕೇರಿಸಿದರು.

"ಈಗ ಅಲ್ಲಿ ರೇಟೆಷ್ಟು ನಡೀತಿದೆ ಮಾರಾಯ್ರೆ?"