ಉದ್ದ ಡಿಕ್ಕಿಯ ಹಳೇ ಕಾರೂ, ನೀವೂ

ನಿಜ ಹೇಳಿ, ನಿನ್ನೆ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಫೋನಿನ ಬ್ರೈಟ್‌ನೆಸ್ ತಗ್ಗಿಸ್ಕೊಂಡು ನೋಡ್ತಿದ್ರಲ್ಲ, ಅದೇನು? ಆಫೀಸ್ ಮೇಲ್ ಅಂತ ನನ್ ಹತ್ರ ಹೇಳ್ಬೇಡಿ. ಹಳೇ ಟಾಟಾ ಇಂಡಿಗೊ ಮರೀನಾ ಸ್ಟೇಷನ್ ವ್ಯಾಗನ್ನಿನ ಜಾಹೀರಾತು: ಡೀಸೆಲ್ಲು, ‘ಸಿಂಗಲ್ ಓನರ್, ಡಾಕ್ಟರ್ ಯೂಸ್ಡ್’. (ಸೆಕೆಂಡ್ ಹ್ಯಾಂಡ್ ಕಾರುಗಳನ್ನೆಲ್ಲ ಡಾಕ್ಟರುಗಳೇ ಓಡಿಸಿದ್ರೆ ಪೇಷೆಂಟುಗಳನ್ನ ನೋಡ್ದೋರು ಯಾರು ಸ್ವಾಮಿ?)

2004ರಲ್ಲಿ ಇದೇ ಕಾರು ಹೊಸದಾಗಿ ಬಂದಾಗ ಏನಂದಿದ್ರಿ, ನೆನಪಿದ್ಯಾ? “ಆಂಬುಲೆನ್ಸ್ ಇದ್ದಂಗಿದೆ” ಅಂದಿದ್ರಿ. ಅದಕ್ಕೂ ಮುಂಚೆ, 1992ರಲ್ಲಿ ಟಾಟಾ ಎಸ್ಟೇಟ್ ಬಂದಾಗ ನಿಮ್ಮ ಮಾವನೋರು ಅಂದಿದ್ದನ್ನ ಇಲ್ಲಿ ಬರೆಯೋ ಹಾಗಿಲ್ಲ. ಆಮೇಲೆ ಇದೇ ಜಾತಿಯ ಬಲೆನೊ ಆಲ್ಟುರಾ, ಕೋರ್ಸಾ ಸ್ವಿಂಗ್, ಆಕ್ಟೇವಿಯಾ ಕಾಂಬಿ ಎಲ್ಲ ಬಂದ್ವು, ಹೋದ್ವು. ಹಿಂದೆ ಡಿಕ್ಕಿ ಅಂತ ಬೇರೆಯಾಗಿ ಚಾಚ್ಕೊಂಡಿದ್ರೆ ತಾನೆ ನಮಗದು ಕಾರು? ಈ ವ್ಯಾಗನ್ ಆಕಾರವನ್ನೇ ಸ್ವಲ್ಪ ಎತ್ತರಿಸಿ ಎಸ್‌ಯುವಿ ಅಂದಾಗ ಮಾತ್ರ ಸಾಲ ಮಾಡಿ ತಗೊಂಡ್ರಿ!

ಈಗ್ಯಾಕೆ ಬೇಕಂತೆ ಸ್ಟೇಷನ್ ವ್ಯಾಗನ್ನು? “ಹಿಂದಿನ ಸೀಟು ಮಡಚಿದ್ರೆ ಎಷ್ಟು ಜಾಗ ಗೊತ್ತಾ?” ಗೊತ್ತು. ಏನು ತುಂಬ್ತೀರಿ? ಸಕಲೇಶಪುರಕ್ಕೆ ಕ್ಯಾಂಪಿಂಗು, ಟೆಂಟು, ಸೈಕಲ್ಲು, ಒಂದು ನಾಯಿ ಅಂತೀರಿ. ಟೆಂಟ್ ನಿಮ್ಮ ಹತ್ರ ಇಲ್ಲ, ಸೈಕಲ್ ಬಾಲ್ಕನಿಯಲ್ಲಿ ಒಣಗೋ ಬಟ್ಟೆ ಹೊತ್ಕೊಂಡಿದೆ, ನಾಯಿ ಸಾಕೋಕೆ ಹೌಸ್ ಓನರ್ ಬಿಡಲ್ಲ. ಆ ಡಿಕ್ಕಿಯಲ್ಲಿ ಕೂರೋದು ಊರಿಂದ ಬರೋ ಅಕ್ಕಿ ಮೂಟೆ, ಭಾವಮೈದ ಮನೆ ಬದಲಾಯಿಸೋವಾಗ ಅವನ ವಾಷಿಂಗ್ ಮೆಷೀನು, ನೆಂಟರ ಮದುವೆ ಬಾಳೆಎಲೆ. ನಿಮ್ಮನೇಲಿ ಉದ್ದ ಡಿಕ್ಕಿ ಇದೆ ಅಂತ ಗೊತ್ತಾದ ದಿನ ಬಳಗದೋರೆಲ್ಲ ನಿಮ್ಮನ್ನ ಎಷ್ಟು ಪ್ರೀತಿಯಿಂದ ಮಾತಾಡಿಸ್ತಾರೆ ನೋಡ್ತಿರಿ.

ಸರಿ, ಗಾಡಿ ನೋಡೋಕೆ ಹೊರಟ್ರಿ. ಏನ್ ಮಾಡ್ತೀರಿ? ಟೈರ್‌ಗೆ ಒಂದು ಒದೆ ಕೊಡ್ತೀರಿ. (ಪಾಪ, ಟೈರೇನು ಮಾಡಿತ್ತು?) ಬಾನೆಟ್ ಎತ್ತಿ ಗಂಭೀರವಾಗಿ “ಹೂಂ” ಅಂತೀರಿ. ಆಮೇಲೆ ನಮ್ಮ ಕುಲದ ಮಹಾಪ್ರಶ್ನೆ: “ಮೈಲೇಜ್ ಎಷ್ಟು ಕೊಡುತ್ತೆ?”

ಅದರ ಬದಲು ಹೀಗೆ ಮಾಡ್ಬಾರ್ದಾ? ಹೇಳಿದ ಟೈಮಿಗಿಂತ ಮುಂಚೆ ಹೋಗಿ ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ರೆ ಬೆಳಗಿನ ಸ್ಟಾರ್ಟಿಂಗ್ ಟ್ರಬಲ್ ನಿಮಗೆ ಕಾಣಬಾರದು ಅಂತ ಆಗಲೇ ಓಡಿಸಿಟ್ಟಿದ್ದಾರೆ ಅಂತಿಟ್ಕೊಳ್ಳಿ. ಆಯಿಲ್ ಮುಚ್ಚಳದ ಒಳಗೆ ಹಾಲುಕಾಫಿ ಬಣ್ಣದ ನೊರೆ ಇದ್ರೆ ಆಯಿಲ್‌ಗೆ ನೀರು ಸೇರಿರಬಹುದು. ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಜೇಬಲ್ಲೊಂದು ಅಯಸ್ಕಾಂತ ಇರಲಿ, ಪುಟ್ಟಿ ದಪ್ಪಗೆ ಮೆತ್ತಿದ ಕಡೆ ಅದು ಕಚ್ಚಲ್ಲ. ಮೀಟರ್ 60,000 ಕಿ.ಮೀ. ತೋರಿಸ್ತಿದ್ದು, ಬ್ರೇಕ್ ಪೆಡಲ್ಲಿನ ರಬ್ಬರ್ ಸವೆದು ನುಣ್ಣಗಾಗಿದ್ರೆ ಪೆಡಲ್ಲನ್ನೇ ನಂಬಿ. ಡಿಕ್ಕಿ ಕಾರ್ಪೆಟ್ ಎತ್ತಿ ನೋಡೋದು ಮರೀಬೇಡಿ, ಹಿಂಬಾಗಿಲ ಬೀಡಿಂಗ್ ಹೋಗಿದ್ರೆ ಮಳೆನೀರು ನಿಂತು ತುಕ್ಕು ಹಿಡಿಯೋದು ಅಲ್ಲೇ.

ಇದೆಲ್ಲ ಗೊತ್ತಿದ್ದೂ ನೀವು ತಗೊಳ್ತೀರಿ. ಬಣ್ಣ ಚೆನ್ನಾಗಿತ್ತು ಅಂತ.

ತಂದ ಮೇಲೆ ಮೊದಲು ಮಾಡೋ ಕೆಲಸ? ಸೀಟ್ ಕವರ್ರು, ಮ್ಯೂಸಿಕ್ ಸಿಸ್ಟಮ್ಮು. ಅಯ್ಯೋ ದೇವ್ರೇ! ಆ 1.4 ಲೀಟರ್ ಡೀಸೆಲ್ ಇಂಜಿನ್ನಿನ ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ರು ಅಂತ ಕೇಳಿದ್ರಾ? ಅದು ದಾರಿಯಲ್ಲಿ ತುಂಡಾದ್ರೆ ವಾಲ್ವು ಬಗ್ಗಿ, ಹೊಸ ಸ್ಪೀಕರ್‌ನಲ್ಲಿ ಹಾಡು ಕೇಳ್ತಾ ಟೋಯಿಂಗ್ ಗಾಡಿಗೆ ಕಾಯ್ತೀರಿ. ಕ್ಲಚ್ ಬದಲಾಯಿಸೋಕೆ ಗೇರ್‌ಬಾಕ್ಸ್ ಇಳಿಸಿದಾಗ ಮೆಕ್ಯಾನಿಕ್ಕು “ಆಯಿಲ್ ಸೀಲೂ ಹಾಕ್ಬಿಡೋಣ ಸಾರ್” ಅಂದ್ರೆ ಮೋಸ ಅಂತ ಮುಖ ಊದಿಸ್ಕೊಳ್ಳಬೇಡಿ. ಅವನು ಹೇಳೋದು ಸರಿ, ಇಲ್ಲದಿದ್ರೆ ಇಳಿಸೋ ಕೂಲಿ ಎರಡು ಸಲ.

ಸ್ಪೇರ್ಸ್ ಕಥೆ ಇನ್ನೂ ಮಜಾ. ಕ್ಲಚ್ಚು, ಫಿಲ್ಟರ್ರು ಇಂಥವಕ್ಕೆ ಇಂಡಿಕಾ, ಇಂಡಿಗೊದವೇ ಆಗುತ್ತೆ. ಟ್ಯಾಕ್ಸಿಯೋರ ಪುಣ್ಯ, ಬೆಂಗಳೂರಿನ ಜೆ.ಸಿ. ರೋಡಲ್ಲಿ ಹುಡುಕಿದ್ರೆ ಸಿಗುತ್ತೆ. ಆದ್ರೆ ನೀವು ಯಾವುದಕ್ಕೆ ಮರುಳಾದ್ರೋ ಆ ಹಿಂಭಾಗ ಇದೆಯಲ್ಲ, ಅದರ ಬಾಗಿಲು, ಗ್ಲಾಸು, ಟೈಲ್ ಲ್ಯಾಂಪು ಮರೀನಾಗೆ ಮಾತ್ರ ಮಾಡಿದ್ದು. ಅದಕ್ಕೆ ಗುಜರಿಯೇ ಗತಿ. ಹಿಂಬಾಗಿಲ ಶಾಕ್ ಸತ್ತಿದ್ರೆ ಒಂದು ಗಟ್ಟಿ ಕೋಲು ಇಟ್ಕೊಳ್ಳಿ, ಬಾಗಿಲು ತಲೆ ಮೇಲೆ ಬೀಳೋದು ತಪ್ಪುತ್ತೆ.

ಮನೆಯಲ್ಲಿ ಲೆಕ್ಕ ಹೇಗೆ ಒಪ್ಪಿಸ್ತೀರಿ? ಕಾರಿನ ರೇಟು ಹೇಳ್ತೀರಿ, ರಿಪೇರಿದು “ಸಣ್ಣಪುಟ್ಟದ್ದು” ಅಂತೀರಿ. ಆರ್‌ಟಿಓ ಲೆಕ್ಕವಂತೂ ನಿಮಗೇ ಮರೆತಿರುತ್ತೆ. 15 ವರ್ಷ ಆದ ಮೇಲೆ ಆರ್‌ಸಿಯನ್ನ ಐದೈದು ವರ್ಷಕ್ಕೆ ರಿನ್ಯೂ ಮಾಡಿಸಬೇಕು. 600 ರೂಪಾಯಿ ಇದ್ದ ಫೀಸು 2022ರಲ್ಲಿ 5,000 ಆಯ್ತು, 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಆಯ್ತು. ಗ್ರೀನ್ ಟ್ಯಾಕ್ಸು ಬೇರೆ. ದೆಹಲಿಯ ಹಾಗೆ ಹಳೇ ಡೀಸೆಲ್ ಕಾರಿಗೆ ಗೇಟ್‌ಪಾಸ್ ಕೊಡೋ ಕಾಟ ನಮ್ಮಲ್ಲಿಲ್ಲ ಅಂತ ಖುಷಿಪಡಿ.

ಇಷ್ಟು ಓದೋ ಹೊತ್ತಿಗೆ ಆ ಮಾರೋನಿಗೆ “ಲಾಸ್ಟ್ ಎಷ್ಟು?” ಅಂತ ಮೆಸೇಜ್ ಹಾಕಿಯಾಯ್ತು ತಾನೆ? ನನಗ್ಗೊತ್ತು ಬಿಡಿ. ಹೋಗಿ, ತಗೊಳ್ಳಿ. ಫಾರ್ಮ್ 29, 30ಕ್ಕೆ ಸೈನ್ ಹಾಕಿಸ್ಕೊಳ್ಳಿ, ಹಳೇ ಚಲನ್ ಬಾಕಿ ಇದ್ಯಾ ನೋಡಿ, ಆರ್‌ಸಿ ನಿಮ್ಮ ಹೆಸರಿಗೆ ಆಗೋ ತನಕ ಪೂರ್ತಿ ದುಡ್ಡು ಮಾತ್ರ ಕೊಡಬೇಡಿ.