ಹಲಸಿನಹಣ್ಣು ಮೊದಲು, ಬೇಸ್ ಆಮೇಲೆ

ಸಬ್‌ವೂಫರ್ ಪೆಟ್ಟಿಗೆ ಮಾಡುವುದು ಹೇಗೆಂದು ಯಾರನ್ನು ಕೇಳಿದರೂ ಸ್ಪೀಕರಿನಿಂದಲೇ ಶುರು ಮಾಡುತ್ತಾರೆ. ಹತ್ತು ಇಂಚೋ ಹನ್ನೆರಡು ಇಂಚೋ, ಯಾವ ಕಂಪನಿ, ಎಷ್ಟು ವ್ಯಾಟ್. ಮದುವೆಯಾಗದ ಹುಡುಗರ ಹ್ಯಾಚ್‌ಬ್ಯಾಕಿಗೆ ಈ ಕ್ರಮ ನಡೆದೀತು. ಸಂಸಾರಸ್ಥರ ವ್ಯಾನಿಗೆ ಲೆಕ್ಕ ಶುರುವಾಗಬೇಕಾದ್ದು ಹಲಸಿನಹಣ್ಣಿನಿಂದ. ಎರ್ಟಿಗಾದಲ್ಲಿ ಮೂರೂ ಸಾಲಿನ ಸೀಟು ಎತ್ತಿ ನಿಲ್ಲಿಸಿದರೆ ಹಿಂದೆ ಉಳಿಯುವ ಡಿಕ್ಕಿ 209 ಲೀಟರ್. ಬೇಸಿಗೆ ರಜೆ ಮುಗಿಸಿ ಹೆಬ್ರಿ ಕಡೆಯಿಂದ ಆಗುಂಬೆ ಘಾಟಿ ಹತ್ತಿ ಬೆಂಗಳೂರಿಗೆ ಮರಳುವ ಕುಟುಂಬದ ಎರಡು ಹಲಸು, ಅರ್ಧ ಚೀಲ ತೆಂಗಿನಕಾಯಿ, ಮಿಡಿ ಉಪ್ಪಿನಕಾಯಿಯ ಜಾಡಿ, ಹಪ್ಪಳದ ಡಬ್ಬ, ‘ಇರ್ಲಿ, ದಾರಿಗಾಗುತ್ತೆ’ ಎಂದು ಕೊನೇ ಗಳಿಗೆಯಲ್ಲಿ ತುರುಕಿದ ಬಾಳೆಗೊನೆ ಎಲ್ಲವೂ ಅಷ್ಟರೊಳಗೇ ಹಿಡಿಯಬೇಕು. ಹನ್ನೆರಡು ಇಂಚಿನ ಸ್ಪೀಕರಿಗೆಂದು ಅಂಗಡಿಯವರು ತೋರಿಸುವ ದೊಡ್ಡ ಪೆಟ್ಟಿಗೆ ಒಂದೇ ಇದರ ಕಾಲುಭಾಗವನ್ನು ನುಂಗಿಹಾಕುತ್ತದೆ. ಬಾಳೆಗೊನೆ ಬೇಡ ಎಂದು ಅತ್ತೆಯವರಿಗೆ ಹೇಳುವ ಧೈರ್ಯವನ್ನು ಯಾವ ಆಂಪ್ಲಿಫೈಯರೂ ಕೊಡುವುದಿಲ್ಲ. ಆದ್ದರಿಂದ ನನ್ನ ವಾದ ಇಷ್ಟು: ಸಾಮಾನೆಲ್ಲ ತುಂಬಿ ಮಿಕ್ಕ ಜಾಗವನ್ನು ಅಳೆಯಿರಿ, ಅದಕ್ಕೆ ಕೂರುವಂತೆ ಇಪ್ಪತ್ತು ಲೀಟರಿನ ಆಸುಪಾಸಿನ, ಎಲ್ಲ ಕಡೆ ಮುಚ್ಚಿದ ಪೆಟ್ಟಿಗೆ ಮಾಡಿ. ಇದು ಅತ್ತೆಯವರಿಗೆ ಹೆದರಿ ಮಾಡಿಕೊಂಡ ರಾಜಿಯಲ್ಲ. ಭೌತಶಾಸ್ತ್ರವೂ ಅವರ ಪಕ್ಷದಲ್ಲೇ ಇದೆ.

ಪೆಟ್ಟಿಗೆ ಯಾಕೆ ಬೇಕು ಎಂಬಲ್ಲಿಂದ ನೋಡೋಣ. ಸ್ಪೀಕರಿನ ಕೋನ್ ಮುಂದಕ್ಕೆ ಸರಿದಾಗ ಎದುರಿನ ಗಾಳಿ ಒತ್ತಿಕೊಳ್ಳುತ್ತದೆ, ಅದೇ ಕ್ಷಣ ಬೆನ್ನ ಹಿಂದಿನ ಗಾಳಿ ಸಡಿಲವಾಗುತ್ತದೆ. ಬರೀ ಸ್ಪೀಕರನ್ನು ಸೀಟಿನ ಮೇಲಿಟ್ಟು ನುಡಿಸಿದರೆ ಇವೆರಡೂ ಅಂಚಿನಲ್ಲಿ ಸಂಧಿಸಿ, ಒಂದನ್ನೊಂದು ಅಳಿಸಿಹಾಕಿ, ಸಾವಿರಾರು ರೂಪಾಯಿಯ ಸಾಮಾನು ಗೊರಗೊರ ಎನ್ನುತ್ತದೆ. ಹಿಂದಿನ ಸದ್ದನ್ನು ಕೂಡಿಹಾಕುವುದೇ ಪೆಟ್ಟಿಗೆಯ ಕೆಲಸ. ಕೂಡಿಹಾಕಿದ ಗಾಳಿ ಮಾತ್ರ ಸುಮ್ಮನಿರುವ ಜಾತಿಯದಲ್ಲ. ಸ್ಪ್ರಿಂಗಾಗಿ ಕೋನನ್ನು ತಿರುಗಿ ತಳ್ಳುತ್ತದೆ. ಪೆಟ್ಟಿಗೆ ಚಿಕ್ಕದಾದಷ್ಟೂ ಸ್ಪ್ರಿಂಗು ಬಿಗಿ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಈ ಗಾಳಿಯ ಸ್ಪ್ರಿಂಗನ್ನೇ ದುಡಿಸಿಕೊಂಡು ಸ್ಪೀಕರ್ ಪೆಟ್ಟಿಗೆಯನ್ನು ಪುಸ್ತಕದ ಕಪಾಟಿನ ಅಳತೆಗೆ ಇಳಿಸಿದ. ಅವನ ಜೊತೆಗಾರ ಹೆನ್ರಿ ಕ್ಲಾಸ್ 1957ರಲ್ಲಿ ಇನ್ನಿಬ್ಬರೊಂದಿಗೆ ಹೊರಬಂದು ಕೆಎಲ್‌ಎಚ್ ಕಂಪನಿ ಕಟ್ಟಿದ. ಆ ಹೆಸರಿನ ಕೊನೆಯ ಅಕ್ಷರ ಆಂಟನ್ ಹಾಫ್‌ಮನ್‌ನದು. ಅವನು ಹೇಳಿದ್ದನ್ನು ಈಗಲೂ ಹಾಫ್‌ಮನ್ನನ ಕಬ್ಬಿಣದ ನಿಯಮ ಎನ್ನುತ್ತಾರೆ: ಆಳದ ಬೇಸ್, ಚಿಕ್ಕ ಪೆಟ್ಟಿಗೆ, ಕಡಿಮೆ ವ್ಯಾಟಿಗೆ ಜೋರು ಸದ್ದು, ಈ ಮೂರರಲ್ಲಿ ಯಾವುದಾದರೂ ಎರಡು ಸಿಗುತ್ತವೆ, ಮೂರನೆಯದರ ಆಸೆ ಬಿಡಬೇಕು. ಈತನ ತಂದೆ ಜೋಸೆಫ್ ಹಾಫ್‌ಮನ್ ಜಗತ್ಪ್ರಸಿದ್ಧ ಪಿಯಾನೋ ವಾದಕರು. ವಾಹನಗಳ ಶಾಕ್ ಅಬ್ಸಾರ್ಬರಿಗೆ ಪೇಟೆಂಟ್ ಮಾಡಿಸಿಕೊಂಡವರು ಕೂಡ. ಗಾಡಿ ಕುಲುಕದಿರಲಿ ಎಂದು ಅಪ್ಪ ದುಡಿದರು, ಮಗನ ನಿಯಮ ಹಿಡಿದು ಗಾಡಿ ಕುಲುಕಿಸುವವರು ನಾವು.

ನಿಯಮ ಕಬ್ಬಿಣದ್ದೇ, ಸಂಶಯವಿಲ್ಲ. ಅದಕ್ಕೆ ಅಂಕಿ ತೊಡಿಸಿದವರು ಆಸ್ಟ್ರೇಲಿಯಾದ ನೆವಿಲ್ ಥೀಲ್ ಮತ್ತು ಸಿಡ್ನಿಯಲ್ಲಿ ಕೆಲಸ ಮಾಡಿದ ರಿಚರ್ಡ್ ಸ್ಮಾಲ್. ಥೀಲ್‌ನ ಪ್ರಬಂಧ 1961ರಲ್ಲೇ ಅಚ್ಚಾಗಿತ್ತು. 1971ರಲ್ಲಿ ಅಮೆರಿಕದಲ್ಲಿ ಮರುಮುದ್ರಣವಾದ ಮೇಲೆ ಲೋಕ ಅದರತ್ತ ತಿರುಗಿ ನೋಡಿತು. ಇವರ ಲೆಕ್ಕದಲ್ಲಿ ಒಂದು ಹತ್ತಿಂಚಿನ ಸ್ಪೀಕರನ್ನು ಕೂರಿಸಿ ನೋಡಬಹುದು. ಅದರ ಸಹಜ ಕಂಪನ 30 ಹರ್ಟ್ಸ್, ಆ ಕಂಪನ ಎಷ್ಟು ಬೇಗ ಅಡಗುತ್ತದೆಂದು ಹೇಳುವ ಕ್ಯೂ ಎಂಬ ಅಂಕಿ 0.45, ಅದರ ಸಡಿಲಕ್ಕೆ ಸಮನಾದ ಗಾಳಿ 40 ಲೀಟರ್ ಎಂದಿಟ್ಟುಕೊಳ್ಳಿ. ಏರಿಳಿತವಿಲ್ಲದ ನೇರ ಸದ್ದಿಗೆ ಕ್ಯೂ 0.707 ಆಗಬೇಕು, ಅದಕ್ಕೆ 27 ಲೀಟರಿನ ಪೆಟ್ಟಿಗೆ ಬೇಕು. 20 ಲೀಟರಿಗೆ ಇಳಿಸಿದರೆ ಕ್ಯೂ 0.78 ಆಗುತ್ತದೆ, ಪೆಟ್ಟಿಗೆಯೊಳಗಿನ ಕಂಪನ 52 ಹರ್ಟ್ಸಿಗೆ ಏರುತ್ತದೆ. ಹತ್ತೇ ಲೀಟರ್ ಕೊಟ್ಟರೆ ಕ್ಯೂ 1, ಕಂಪನ 67 ಹರ್ಟ್ಸ್. ಇಲ್ಲಿ ಮೊದಲ ಆಕ್ಷೇಪ ಬರುತ್ತದೆ: ಚಿಕ್ಕ ಪೆಟ್ಟಿಗೆ ಗುಂಯ್‌ಗುಡುತ್ತದಲ್ಲ? ಗುಂಯ್ ಎಷ್ಟೆಂದು ಲೆಕ್ಕ ಹಾಕಿದರೆ ಕ್ಯೂ 1 ಇದ್ದಾಗಲೂ ಉಬ್ಬು ಒಂದೂಕಾಲು ಡೆಸಿಬೆಲ್. 20 ಲೀಟರಿನಲ್ಲಿ ಅದು ಒಂದು ಡೆಸಿಬೆಲ್ಲಿನ ಏಳನೇ ಒಂದು ಪಾಲು. ಹೆದ್ದಾರಿಯಲ್ಲಿ ಓಡುವ ವ್ಯಾನಿನೊಳಗೆ ಇದನ್ನು ಕಿವಿಯಿಂದ ಕಂಡುಹಿಡಿಯುತ್ತೇನೆ ಎನ್ನುವವರು ಕಿವಿ ಬಿಟ್ಟು ಬೇರೆ ಯಾವುದರಿಂದಲೋ ಕೇಳುತ್ತಿರುತ್ತಾರೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಮುಚ್ಚಿದ ಪೆಟ್ಟಿಗೆಯ ಸದ್ದು ಆ 52 ಹರ್ಟ್ಸಿನ ಕೆಳಗೆ ಪ್ರತಿ ಆಕ್ಟೇವಿಗೆ 12 ಡೆಸಿಬೆಲ್ ಇಳಿಯುತ್ತದೆ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಸ್. ಅದು ಇಳಿಜಾರಿನಲ್ಲೇ ಸಿಕ್ಕಿಬೀಳುತ್ತದೆ. ಮನೆಯ ಹಾಲಿನಲ್ಲಾದರೆ ಈ ಆಕ್ಷೇಪಕ್ಕೆ ನನ್ನಲ್ಲಿ ಉತ್ತರವಿಲ್ಲ. ವ್ಯಾನು ಹಾಲಲ್ಲ. 40 ಹರ್ಟ್ಸಿನ ಅಲೆಯ ಉದ್ದ ಎಂಟೂವರೆ ಮೀಟರಿಗೂ ಹೆಚ್ಚು. ನಮ್ಮ ಬಿಡದಿಯಲ್ಲೇ ತಯಾರಾಗುವ ಇನ್ನೋವಾ ಕ್ರಿಸ್ಟಾ ಬಂಪರಿನಿಂದ ಬಂಪರಿಗೆ 4.735 ಮೀಟರ್. ಒಳಗಿನ ಉದ್ದ ಸುಮಾರು ಮೂರು ಮೀಟರ್ ಹಿಡಿದರೆ, ಅರ್ಧ ಅಲೆ ಕೂಡ ಮಲಗಲಾರದ ಸ್ಥಿತಿ ಸುಮಾರು 57 ಹರ್ಟ್ಸಿನ ಕೆಳಗೆ ಶುರುವಾಗುತ್ತದೆ. ಅಲ್ಲಿಂದ ಮುಂದೆ ಸದ್ದು ಅಲೆಯಾಗಿ ಓಡಾಡುವುದನ್ನು ಬಿಟ್ಟು, ಇಡೀ ವ್ಯಾನಿನ ಗಾಳಿಯನ್ನು ಒಟ್ಟಿಗೆ ಒತ್ತಿ ಬಿಡುವ ಕೆಲಸವಾಗುತ್ತದೆ. ಫಲವಾಗಿ ಒಳಗಿನ ಒತ್ತಡ ಪ್ರತಿ ಆಕ್ಟೇವ್ ಕೆಳಗಿಳಿದಂತೆ 12 ಡೆಸಿಬೆಲ್‌ವರೆಗೂ ಏರಬಲ್ಲದು. ಪೆಟ್ಟಿಗೆ ಕಳೆದದ್ದೂ 12, ವ್ಯಾನು ಕೂಡಿಸುವುದೂ 12. ತಗಡು ನಡುಗುತ್ತದೆ, ಬಾಗಿಲಿನ ರಬ್ಬರು ಸೋರುತ್ತದೆ, ಹಾಗಾಗಿ ಪೂರಾ 12 ಕೈಗೆ ಸಿಗುವುದಿಲ್ಲ. ಸಿಕ್ಕಷ್ಟರಿಂದಲೇ ಸಂಗೀತಕ್ಕೆ ಬೇಕಾದ ಆಳ ಬಂದುಬಿಡುತ್ತದೆ. ಇಲ್ಲಿ ದೊಡ್ಡ ಪೆಟ್ಟಿಗೆ ಇದೆ, ಅದಕ್ಕೆ ನಾಲ್ಕು ಚಕ್ರಗಳಿವೆ, ಅದರ ಕಂತನ್ನೂ ಆಗಲೇ ಕಟ್ಟುತ್ತಿದ್ದೀರಿ. ಕಿಟಕಿ ಇಳಿಸಿದರೆ ಈ ಲಾಭವೆಲ್ಲ ಸೋರಿಹೋಗುತ್ತದೆ, ನಿಜ. ಆದರೆ ಘಾಟಿಯ ತಿರುವಿನಲ್ಲಿ ಮಗುವಿನ ವಾಂತಿಗೆಂದು ಕಿಟಕಿ ಇಳಿಸಿದಾಗ ಬೇಸ್ ಕಡಿಮೆಯಾಯಿತು ಎಂದು ಗೊಣಗುವವರ ಜೊತೆ ವಾದ ಮಾಡಿ ಫಲವಿಲ್ಲ.

ಪೋರ್ಟ್ ಪಂಥದವರು ಇಷ್ಟಕ್ಕೆ ಸುಮ್ಮನಾಗುವುದಿಲ್ಲ. ಪೆಟ್ಟಿಗೆಗೊಂದು ಕೊಳವೆ ಇಟ್ಟರೆ ಹಿಂದಿನ ಸದ್ದೂ ಉಪಯೋಗಕ್ಕೆ ಬಂದು ಅದೇ ವ್ಯಾಟಿಗೆ ಹೆಚ್ಚು ಜೋರು ಸಿಗುತ್ತದೆ ಎನ್ನುತ್ತಾರೆ. ಮಾತು ಸರಿಯಾಗಿದೆ, ತೊಂದರೆ ಇರುವುದು ಕೊಳವೆಯಲ್ಲಿ. ಪೆಟ್ಟಿಗೆ ಚಿಕ್ಕದಾದಂತೆ ಕೊಳವೆ ಉದ್ದವಾಗಬೇಕು ಎಂಬುದು ಇದರ ವಿಚಿತ್ರ ಶಾಸ್ತ್ರ. 25 ಲೀಟರಿನ ಪೆಟ್ಟಿಗೆಯನ್ನು 32 ಹರ್ಟ್ಸಿಗೆ ಶ್ರುತಿ ಮಾಡಲು ಹತ್ತು ಸೆಂಟಿಮೀಟರ್ ವ್ಯಾಸದ ಕೊಳವೆ ತೆಗೆದುಕೊಂಡರೆ ಅದರ ಉದ್ದ ಸುಮಾರು 85 ಸೆಂಟಿಮೀಟರ್ ಬರುತ್ತದೆ. ಪೆಟ್ಟಿಗೆಯ ಯಾವ ಬದಿಯೂ ಅದರ ಅರ್ಧದಷ್ಟು ಉದ್ದವಿರುವುದಿಲ್ಲ. ಮಡಿಸಿ ಒಳಗೆ ತುರುಕಿದರೂ ಅದೇ ಆರೂವರೆ ಲೀಟರ್ ತಿನ್ನುತ್ತದೆ. ತಿಂದದ್ದನ್ನು ತುಂಬಿಕೊಡಲು ಪೆಟ್ಟಿಗೆ ಹಿಗ್ಗಿಸಬೇಕು. ಸಾಲ ತೀರಿಸಲು ಸಾಲ ಮಾಡಿದ ಕತೆ. ಬೇಡವೆಂದು ಐದು ಸೆಂಟಿಮೀಟರಿನ ಕೊಳವೆ ಹಾಕಿದರೆ 19 ಸೆಂಟಿಮೀಟರಿಗೇ ಮುಗಿಯುತ್ತದೆ. ಆದರೆ ಆ ಕಿರಿದಾದ ಬಾಯಲ್ಲಿ ಗಾಳಿ ಬಿರುಸಾಗಿ ನುಗ್ಗಿ, ತಬಲೆಯ ಡಗ್ಗಾದ ಪ್ರತಿ ಪೆಟ್ಟಿಗೂ ಭುಸ್ ಎಂಬ ಉಪಸಂಹಾರ ಸೇರಿಕೊಳ್ಳುತ್ತದೆ. ಅಷ್ಟೆಲ್ಲ ಸಂಭಾಳಿಸಿದರೂ, ಪೋರ್ಟು ಎತ್ತಿಹಿಡಿಯುವ ಜಾಗದಲ್ಲೇ ವ್ಯಾನೂ ಎತ್ತಿಹಿಡಿದು, ಎಲ್ಲ ಹಾಡೂ ಒಂದೇ ಸ್ವರದಲ್ಲಿ ದುಮ್ ಎನ್ನತೊಡಗುತ್ತದೆ. ಬೀದಿಯ ಆ ತುದಿಯಿಂದಲೇ ಕೇಳಿಸುವ ಕಾರುಗಳಲ್ಲಿ ಯಾವ ಹಾಡು ನಡೆಯುತ್ತಿದೆ ಎಂದು ಹೇಳಲಾಗದಿರುವುದಕ್ಕೆ ಇದೂ ಒಂದು ಕಾರಣ.

ಹಾಫ್‌ಮನ್ನನ ನಿಯಮಕ್ಕೆ ಕಟ್ಟಬೇಕಾದ ಸುಂಕ ಹಾಗಿದ್ದರೆ ವ್ಯಾಟಿನಲ್ಲಿ. ಚಿಕ್ಕ ಪೆಟ್ಟಿಗೆ ಸ್ವಲ್ಪ ಹೆಚ್ಚು ಶಕ್ತಿ ಬೇಡುತ್ತದೆ; 200 ವ್ಯಾಟ್ ಆರ್‌ಎಂಎಸ್ ಕೊಡುವ ಆಂಪ್ಲಿಫೈಯರ್ ಸಂಸಾರಕ್ಕೆ ಧಾರಾಳವಾಯಿತು. ಡಬ್ಬದ ಮೇಲೆ ಅಚ್ಚಾದ 1500 ವ್ಯಾಟನ್ನು ಓದಬೇಡಿ, ಹಿಂದೆ ತಿರುಗಿಸಿ ಫ್ಯೂಸು ಓದಿ. 25 ಆಂಪಿಯರಿನ ಫ್ಯೂಸನ್ನು 14 ವೋಲ್ಟಿನಿಂದ ಗುಣಿಸಿದರೆ 350 ವ್ಯಾಟ್. ಒಳಗೆ ಹೋಗುವುದೇ ಅಷ್ಟು. ಮಿಕ್ಕದ್ದು ಅಚ್ಚುಕೂಟದಲ್ಲೇ ಉತ್ಪತ್ತಿಯಾಗಿದೆ.

ಪೆಟ್ಟಿಗೆ ಕಟ್ಟುವಾಗ ಎಡವುವುದು ಹಲಗೆಯ ದಪ್ಪದಲ್ಲಿ. ಹೊರ ಅಳತೆ 40, 35, 20 ಸೆಂಟಿಮೀಟರ್ ಇದ್ದರೆ 28 ಲೀಟರ್ ಎಂದು ಬಡಗಿ ಹೇಳುತ್ತಾನೆ. 18 ಮಿಲಿಮೀಟರಿನ ಹಲಗೆ ಆರೂ ಬದಿಗೆ ಬಂದಾಗ ಒಳಗೆ ಉಳಿಯುವುದು 18.7 ಲೀಟರ್, ಮೂರನೇ ಒಂದು ಪಾಲು ಮರಕ್ಕೇ ಹೋಯಿತು. ಸ್ಪೀಕರಿನ ಅಯಸ್ಕಾಂತ ಇನ್ನೊಂದೂವರೆ ಲೀಟರ್ ಆಕ್ರಮಿಸುತ್ತದೆ. ಇದಕ್ಕೊಂದು ಪರಿಹಾರ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿ. ಅದನ್ನು ಹದವಾಗಿ ಒಳಗೆ ತುಂಬಿದರೆ ಗಾಳಿ ಒತ್ತಿಕೊಂಡಾಗ ಹುಟ್ಟುವ ಶಾಖವನ್ನು ಎಳೆಗಳು ಹೀರುತ್ತವೆ, ಸ್ಪ್ರಿಂಗು ಮೆತ್ತಗಾಗುತ್ತದೆ, 17 ಲೀಟರಿನ ಪೆಟ್ಟಿಗೆ ಇಪ್ಪತ್ತರ ಹತ್ತಿರದ್ದೆಂಬಂತೆ ವರ್ತಿಸುತ್ತದೆ. ಸೀಟಿನ ಬೆನ್ನು ಹಿಂದಕ್ಕೆ ವಾಲಿರುವುದರಿಂದ ಮೇಲೆ 15, ಕೆಳಗೆ 25 ಸೆಂಟಿಮೀಟರ್ ಇಟ್ಟು ಓರೆ ಮಾಡಿದರೆ ಗಾತ್ರ ಅಷ್ಟೇ ಉಳಿದು ಪೆಟ್ಟಿಗೆ ಸೀಟಿಗೆ ಅಂಟಿ ಕೂರುತ್ತದೆ. ಎಂಡಿಎಫ್ ಅಗ್ಗ, ನುಣುಪು. ಮಳೆಗಾಲದಲ್ಲಿ ಒದ್ದೆ ಕೊಡೆ, ಒದ್ದೆ ಚಪ್ಪಲಿ ಬಂದು ಬೀಳುವ ಡಿಕ್ಕಿಯಲ್ಲಿ ಅದು ಉಬ್ಬಿ ಸಂದು ಬಿಡುತ್ತದೆ, ಸಂದು ಬಿಟ್ಟರೆ ಮುಚ್ಚಿದ ಪೆಟ್ಟಿಗೆ ಎಂಬ ಸಿದ್ಧಾಂತವೇ ಬಿದ್ದುಹೋಗುತ್ತದೆ. ಮರೈನ್ ಪ್ಲೈವುಡ್ಡಿಗೆ ನಾಲ್ಕು ಕಾಸು ಹೆಚ್ಚು ಕೊಡಿ. ಬೋಲ್ಟ್ ಹಾಕದೆ ಮಾತ್ರ ಇಡಬೇಡಿ. 15 ಕಿಲೋ ತೂಗುವ ಪೆಟ್ಟಿಗೆ 50 ಕಿಲೋಮೀಟರ್ ವೇಗದಲ್ಲಿ ಗಾಡಿ ಗುದ್ದಿ ನಿಂತಾಗ ಮುಂದಕ್ಕೆ ಚಿಮ್ಮುವ ರಭಸ, ಅದು ಸುಮಾರು ಹತ್ತು ಮೀಟರ್ ಎತ್ತರದಿಂದ ಬಿದ್ದ ರಭಸಕ್ಕೆ ಸಮ. ಮೂರನೇ ಸಾಲಿನಲ್ಲಿ ಕೂರುವವರು ಮಕ್ಕಳು. ಈ ಒಂದು ವಿಷಯದಲ್ಲಿ ತಮಾಷೆ ಬೇಡ.

ಇಷ್ಟೆಲ್ಲ ಯಾಕೆ, ಕಂಪನಿ ಕೊಟ್ಟ ಸ್ಪೀಕರು ಸಾಲದೇ ಎಂಬ ಅಜ್ಜಿಯವರ ಪ್ರಶ್ನೆಯೊಂದು ಬಾಕಿ ಇದೆ. ಮನುಷ್ಯನ ಕಿವಿ 1000 ಹರ್ಟ್ಸಿನ ಸದ್ದನ್ನು ಎರಡು ಮೂರು ಡೆಸಿಬೆಲ್ಲಿಗೇ ಗುರುತಿಸುತ್ತದೆ, 40 ಹರ್ಟ್ಸನ್ನು ಗುರುತಿಸಲು ಸುಮಾರು 51 ಡೆಸಿಬೆಲ್ ಬೇಕು. ಅದರ ಮೇಲೆ ಟೈರು ಮತ್ತು ರಸ್ತೆಯ ಗದ್ದಲ ತುಂಬುವುದೂ ಕೆಳಗಿನ ಸ್ವರಗಳನ್ನೇ. ಹೀಗೆ ಮುಚ್ಚಿಹೋದ ಮೃದಂಗವನ್ನು ಹುಡುಕುತ್ತ ನಾವು ವಾಲ್ಯೂಮ್ ಏರಿಸುತ್ತೇವೆ, ಏರಿದ್ದು ಗಾಯಕನ ಗಂಟಲು ಮತ್ತು ತಾಳದ ಕಿಣಿಕಿಣಿ. ಅಜ್ಜಿಯವರಿಗೆ ತಲೆನೋವು ತರುವುದು ಅದೇ. ಕೆಳಗಿನದನ್ನು ಪೆಟ್ಟಿಗೆ ನೋಡಿಕೊಂಡರೆ ಒಟ್ಟು ವಾಲ್ಯೂಮನ್ನು ಇಳಿಸಬಹುದು. 80 ಹರ್ಟ್ಸಿನ ಕೆಳಗಿನ ಸದ್ದು ಎಲ್ಲಿಂದ ಬರುತ್ತಿದೆ ಎಂದು ಕಿವಿಗೆ ಸುಲಭಕ್ಕೆ ತಿಳಿಯದ ಕಾರಣ ಪೆಟ್ಟಿಗೆಯನ್ನು ಯಾವ ಮೂಲೆಗೆ ತಳ್ಳಿದರೂ ನಡೆಯುತ್ತದೆ. ಅಜ್ಜಿಯವರಿಗೆ ಇದೂ ಒಪ್ಪಿಗೆಯಾಗದಿದ್ದರೆ, ಆಂಪ್ಲಿಫೈಯರಿನ ಜೊತೆ ವಯರು ಸಮೇತ ಬರುವ ಬೇಸ್ ನಾಬನ್ನು ಎಲ್ಲರ ಹಾಗೆ ಸ್ಟೀರಿಂಗಿನ ಪಕ್ಕ ಅಂಟಿಸಬೇಡಿ. ಮ್ಯಾಟಿನ ಅಡಿಯಿಂದ ವಯರು ಎಳೆದು, ಅವರು ಕೂರುವ ಸೀಟಿನ ಕೈಯಾಸರೆಯ ಕೆಳಗೆ ಕೂರಿಸಿಬಿಡಿ.