ಬೆಲ್ ಒತ್ತಿದವರು ಕಾಯಲಿ ಎನ್ನುವವರಿಗೆ

ಕುಟುಂಬ ಪ್ರಾರ್ಥನೆಯ ಹೊತ್ತಲ್ಲಿ ಬಾಗಿಲು ತೆಗೆಯದ ನನ್ನ ಸಹವಿಶ್ವಾಸಿಗಳಿಗೆ,



ಸಂಜೆ ಏಳೂವರೆಯಿಂದ ಎಂಟರವರೆಗೆ ಪ್ರಾರ್ಥನೆ, ದಯವಿಟ್ಟು ಬೆಲ್ ಒತ್ತಬೇಡಿ ಎಂಬ ಚೀಟಿ ಈಚೆಗೆ ನಮ್ಮವರ ಮನೆಬಾಗಿಲಲ್ಲಿ ಕಾಣಿಸುತ್ತಿದೆ. ಚೀಟಿ ಇಲ್ಲದ ಮನೆಯಲ್ಲೂ ನಡೆಯುವುದು ಅದೇ. ಬೆಲ್ ಆಗುತ್ತದೆ. ಏಳಹೊರಟ ಮಗುವನ್ನು ಅಮ್ಮ ಕಣ್ಣಲ್ಲೇ ಕೂರಿಸುತ್ತಾರೆ. ಹೊರಗಿದ್ದವರಿಗೆ ಗೊತ್ತಾಗಲೆಂದು ಅಪ್ಪನ ದನಿ ತುಸು ಏರುತ್ತದೆ. ಪಕ್ಕದ ಮನೆಯಾಕೆ ಸಾಲಾಗಿ ಬಿಟ್ಟ ಚಪ್ಪಲಿಗಳನ್ನು ನೋಡಿ, ಇನ್ನೊಮ್ಮೆ ಒತ್ತಲೋ ಬೇಡವೋ ಎಂದು ಹಿಂದೆಮುಂದೆ ನೋಡಿ, ಮೆಟ್ಟಿಲಿಳಿದು ಹೋಗುತ್ತಾಳೆ. ಸಕ್ಕರೆ ಕೇಳಲು ಬಂದಿದ್ದಳೋ, ಜ್ವರ ಬಂದ ಮಗುವನ್ನು ಆಸ್ಪತ್ರೆಗೆ ಒಯ್ಯಲು ಜೊತೆ ಬೇಕಿತ್ತೋ, ಒಳಗಿದ್ದವರಿಗೆ ತಿಳಿಯುವುದೇ ಇಲ್ಲ. ಇದು ನನಗೆ ಬಹಳ ನೋವಿನ ಸಂಗತಿ. ಅದಕ್ಕೇ ಬರೆಯುತ್ತಿದ್ದೇನೆ.

ನೀವು ಮತ್ತಾಯ 6ನೇ ಅಧ್ಯಾಯ ತೋರಿಸುತ್ತೀರಿ. ಪ್ರಾರ್ಥಿಸುವಾಗ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಿ ಎಂದು ಯೇಸುಸ್ವಾಮಿಯೇ ಹೇಳಿಲ್ಲವೇ ಎನ್ನುತ್ತೀರಿ. ಹೇಳಿದ್ದಾರೆ. ಆದರೆ ಯಾಕೆ ಹೇಳಿದರೆಂದು ಹಿಂದಿನ ವಚನದಲ್ಲೇ ಇದೆ. ಜನ ನೋಡಲೆಂದು ಬೀದಿಯ ಮೂಲೆಗಳಲ್ಲಿ ನಿಂತು ಪ್ರಾರ್ಥಿಸುವ ಚಟಕ್ಕೆ ಹಾಕಿಸಿದ ಬಾಗಿಲು ಅದು. ನೆರೆಯವರ ಮುಖಕ್ಕೆ ಹಾಕಲು ಅದನ್ನು ಬಳಸಿಕೊಂಡವರು ನಾವು. ಲೂಕ 11ನ್ನೂ ಅದರ ಪಕ್ಕದಲ್ಲಿಟ್ಟು ಓದಿ. ಶಿಷ್ಯರಿಗೆ ಪ್ರಾರ್ಥನೆ ಕಲಿಸಿದ ಬೆನ್ನಿಗೇ ಸ್ವಾಮಿ ಹೇಳುವುದು ನಡುರಾತ್ರಿ ಬಾಗಿಲು ತಟ್ಟಿ ಮೂರು ರೊಟ್ಟಿ ಕೇಳುವವನ ಕಥೆ. ಒಳಗೆ ಮಕ್ಕಳು ಮಲಗಿದ್ದಾರೆ, ಬಾಗಿಲು ಹಾಕಿದೆ. ಆ ಕಥೆಯಲ್ಲಿ ಪ್ರಾರ್ಥಿಸುವವನ ಜಾಗ ಬಾಗಿಲಿನ ಹೊರಗೆ.

ನನ್ನನ್ನು ಹೆಚ್ಚು ಕಾಡುವುದು ಮಾರ್ಕನ 5ನೇ ಅಧ್ಯಾಯ. ಯಾಯೀರನ ಹನ್ನೆರಡು ವರ್ಷದ ಮಗಳು ಸಾವಿನಂಚಿನಲ್ಲಿದ್ದಾಳೆ. ಸ್ವಾಮಿ ಅವನ ಮನೆಗೆ ಹೊರಟಿದ್ದಾರೆ, ಒಂದು ಗಳಿಗೆ ತಡವಾದರೂ ಕೆಟ್ಟಿತು. ಅಷ್ಟರಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದ, ವೈದ್ಯರಿಗೆ ಸುರಿದು ಕೈ ಬರಿದಾದ ಹೆಂಗಸೊಬ್ಬಳು ಗುಂಪಿನ ಹಿಂದಿನಿಂದ ಬಂದು ಸ್ವಾಮಿಯ ಬಟ್ಟೆ ಮುಟ್ಟುತ್ತಾಳೆ. ಮುಟ್ಟಿದ ಕೂಡಲೇ ವಾಸಿಯಾಯಿತು. ಸ್ವಾಮಿ ಮುಂದೆ ಹೋಗಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಹೋಗಲಿಲ್ಲ. ಯಾರು ಮುಟ್ಟಿದ್ದೆಂದು ಕೇಳಿದರು, ಆಕೆ ನಡುಗುತ್ತ ಬಂದು ಎಲ್ಲವನ್ನೂ ಹೇಳುವವರೆಗೆ ನಿಂತರು. ಅವರಿನ್ನೂ ಮಾತಾಡುತ್ತಿರುವಾಗಲೇ ಮಗಳು ತೀರಿಕೊಂಡ ಸುದ್ದಿ ಬರುತ್ತದೆ. ಯಾಯೀರನ ಜಾಗದಲ್ಲಿ ನಿಂತು ಇದನ್ನು ಓದಬೇಕು, ಎದೆ ಝಲ್ಲೆನ್ನುತ್ತದೆ. ನಡುವೆ ಬಂದವರಿಗೆ ಕೊಟ್ಟ ಹೊತ್ತಿನ ಬೆಲೆಯನ್ನು ಇನ್ಯಾರೋ ತೆರಬೇಕಾಗುತ್ತದೆಂಬುದನ್ನು ಮಾರ್ಕ ಮುಚ್ಚಿಡುವುದಿಲ್ಲ. ಆಮೇಲೆ ಮಗಳು ಎದ್ದಳು, ನಿಜ. ಅಂಥ ಅದ್ಭುತದ ಹೊತ್ತಲ್ಲೂ ಆಕೆಗೆ ತಿನ್ನಲು ಏನಾದರೂ ಕೊಡಿ ಎನ್ನಲು ಸ್ವಾಮಿ ಮರೆಯಲಿಲ್ಲ.

ಹಾಗೆಂದು ಬಂದ ಕರೆಗೆಲ್ಲ ಓಡಿ ಎನ್ನುತ್ತಿಲ್ಲ. ಅದೇ ಮಾರ್ಕನ ಮೊದಲ ಅಧ್ಯಾಯದಲ್ಲಿ, ಬೆಳಕು ಹರಿಯುವ ಮುನ್ನ ಒಬ್ಬರೇ ಪ್ರಾರ್ಥಿಸಲು ಹೋದ ಸ್ವಾಮಿಯನ್ನು ಸೀಮೋನ ಹುಡುಕಿ ಬಂದು, ಎಲ್ಲರೂ ನಿಮ್ಮನ್ನು ಹುಡುಕುತ್ತಿದ್ದಾರೆ ಎಂದಾಗ, ಅವರು ಹಿಂದಿರುಗದೆ ಬೇರೆ ಊರುಗಳ ದಾರಿ ಹಿಡಿದರು. ವಾಟ್ಸ್ಆ್ಯಪ್ ಸದ್ದಿಗೆಲ್ಲ ಕಣ್ಣು ತೆರೆಯುವುದು ಭಕ್ತಿಯೂ ಅಲ್ಲ, ಸೇವೆಯೂ ಅಲ್ಲ. ಫೋನನ್ನು ಸೈಲೆಂಟ್ ಮಾಡಿ ಬೇರೆ ಕೋಣೆಯಲ್ಲಿಡಿ. ಬಾಗಿಲಲ್ಲಿ ನಿಂತ ಮನುಷ್ಯನ ಮಾತು ಬೇರೆ.

ನಮ್ಮದು ಸಂತರ ಪಟ್ಟ ಕೊಡುವ ಸಭೆಯಲ್ಲ, ಆದರೂ ಒಬ್ಬರ ಹೆಸರು ಹೇಳಲೇಬೇಕು. ಸ್ಪೇನಿನ ಅಲ್ಫೋನ್ಸಸ್ ರೊಡ್ರಿಗಸ್ ಉಣ್ಣೆ ವ್ಯಾಪಾರಿ. ಹೆಂಡತಿ ಮಕ್ಕಳನ್ನು ಕಳೆದುಕೊಂಡ ಮೇಲೆ ಯೇಸುಸಭೆ ಸೇರಿ, ಮಯೋರ್ಕಾ ದ್ವೀಪದ ಒಂದು ಕಾಲೇಜಿನಲ್ಲಿ ದಶಕಗಳ ಕಾಲ ಬಾಗಿಲು ಕಾಯ್ದರು. ಯಾರೇ ತಟ್ಟಲಿ, ಕರ್ತನೇ ಬಂದಂತೆ ಎದ್ದು ಹೋಗುತ್ತಿದ್ದರಂತೆ. ಅಲ್ಲಿ ಓದುತ್ತಿದ್ದ ಪೀಟರ್ ಕ್ಲೇವರ್ ಎಂಬ ಯುವಕ ಇವರ ಮಾತಿನಿಂದಲೇ ಪ್ರೇರಣೆ ಪಡೆದು ಅಮೆರಿಕಾ ಖಂಡಕ್ಕೆ ಹೋಗಿ, ಕಾರ್ತಹೇನಾ ಬಂದರಿನಲ್ಲಿ ಹಡಗಿನಿಂದ ಇಳಿಸಿದ ಆಫ್ರಿಕನ್ ಗುಲಾಮರ ಆರೈಕೆಗೆ ಬದುಕು ಸವೆಸಿದರು. ಇಬ್ಬರಿಗೂ ಸಂತ ಪದವಿ ಸಿಕ್ಕಿದ್ದು 1888ರಲ್ಲಿ, ಒಂದೇ ದಿನ.

ನನ್ನ ಕೋರಿಕೆ ದೊಡ್ಡದೇನಲ್ಲ. ಪ್ರಾರ್ಥನೆಗೆ ಕೂರುವಾಗ ಮನೆಯವರಲ್ಲಿ ಒಬ್ಬರು ಸರದಿಯಂತೆ ಬಾಗಿಲ ಬಳಿ ಕೂರಲಿ. ಬೆಲ್ ಆದರೆ ಎದ್ದು ಹೋಗಲಿ, ಬಂದವರ ಮಾತು ಪೂರ್ತಿ ಕೇಳಲಿ. ಬಂದವರಿಗೆ ತುರ್ತಿದ್ದರೆ ಉಳಿದವರೂ ಏಳಲಿ; ಆ ದಿನದ ಪ್ರಾರ್ಥನೆಯನ್ನು ಆಟೋದಲ್ಲೋ ಆಸ್ಪತ್ರೆಯ ಬೆಂಚಿನ ಮೇಲೋ ಮುಗಿಸಬಹುದು. ಮಕ್ಕಳಿಗೂ ಸರದಿ ಕೊಡಿ.

ಕರ್ತನಲ್ಲಿ ನಿಮ್ಮವನು,
ಸಭೆಯ ಒಬ್ಬ ಸದಸ್ಯ